‘ಅಪ್ಪನ ನೋವಿನ ಮುಂದೆ ಇದೇನೂ ಇಲ್ಲ ಸಿಸ್ಟರ್’

ನಾನು ಮಡಿಕೇರಿ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನರ್ಸ್. ನಮ್ಮಲ್ಲಿಗೆ ಪಾಲಿಸಿಸ್ಟಿಕ್ ಕಿಡ್ನಿ ಇರುವ ಕೆಲವು ಕುಟುಂಬಗಳು ಬರುತ್ತವೆ. ಎರಡೂ ಕಿಡ್ನಿಯಲ್ಲಿ ನೀರುಗುಳ್ಳೆಗಳು ಎದ್ದು, ವರ್ಷ ಕಳೆದ ಹಾಗೆ ದೊಡ್ಡದಾಗುತ್ತಾ ಹೋಗುವ ಕಾಯಿಲೆ ಇದು. 10ರಿಂದ 12 ಸೆಂಟಿಮೀಟರ್ ಉದ್ದ ಇರಬೇಕಾದ ಕಿಡ್ನಿ ಇವರಲ್ಲಿ 20 ದಾಟುವುದೂ ಉಂಟು. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಹಾಗಾಗಿ ಒಂದೇ ಮನೆಯ ಅಪ್ಪ, ಮಗ, ಸೋದರತ್ತೆ ಎಲ್ಲರ ಫೈಲೂ ನಮ್ಮ ಹತ್ತಿರ ಇರುತ್ತದೆ.

ಆಸ್ಪತ್ರೆಯಲ್ಲಿ ನೋವು ಕೇಳುವ ರೀತಿ ನಿಮಗೂ ಗೊತ್ತಿರಬಹುದು. 0 ಅಂದರೆ ನೋವೇ ಇಲ್ಲ, 10 ಅಂದರೆ ಇದಕ್ಕಿಂತ ಕೆಟ್ಟ ನೋವು ಇರಲಾರದು, ನಿಮ್ಮದೆಷ್ಟು? ಆಪರೇಷನ್ ಆಗಿ ಮಲಗಿದವರಿಗೆ ಇಷ್ಟು ಸಾಕು. ಈ ಕುಟುಂಬಗಳಿಗೆ ಸಾಲದು, ಯಾಕೆಂದರೆ ಇವರ ಮನಸ್ಸಿನಲ್ಲಿ 10ರ ಜಾಗದಲ್ಲಿ ಆಗಲೇ ಒಬ್ಬರು ಕೂತಿರುತ್ತಾರೆ. ಡಯಾಲಿಸಿಸ್‌ಗೆ ಹೋಗಿ ಬಂದ ಅಪ್ಪ, ಇಲ್ಲವೇ ರಾತ್ರಿಯೆಲ್ಲಾ ನರಳಿದ ದೊಡ್ಡಮ್ಮ.

ಒಬ್ಬರು ಬೆಳೆಗಾರರಿಗೆ ಹೀಗೇ ಕೇಳಿದ್ದೆ. ‘ಎರಡು ಅಂತ ಬರ್ಕೊಳ್ಳಿ. ಅಪ್ಪನ ನೋವಿನ ಮುಂದೆ ಇದೇನೂ ಇಲ್ಲ ಸಿಸ್ಟರ್’ ಅಂದರು. ಹೇಳುವಾಗ ಅವರ ಅಂಗೈ ಎಡಪಕ್ಕೆಯನ್ನು ಒತ್ತಿ ಹಿಡಿದಿತ್ತು. ಪಕ್ಕದಲ್ಲಿದ್ದ ಹೆಂಡತಿ ತಡೆಯಲಾರದೆ, ‘ಸುಮ್ನೆ ಹೇಳ್ತಾರೆ, ರಾತ್ರಿ ನಿದ್ದೆ ಬರದೆ ಎದ್ದು ಜಗಲಿಯಲ್ಲಿ ಕೂತಿರ್ತಾರೆ’ ಅಂದರು. ಇಂಥವರ ಫೈಲಿನಲ್ಲಿ 2 ಅಂತ ಬರೆದರೆ ಡಾಕ್ಟರು ಏನು ಮಾಡಬೇಕು? ಮುಂದಿನ ಚೀಟಿಗೆ ಹೋಗುತ್ತಾರೆ, ಅಷ್ಟೇ.

ಅದಕ್ಕೆ ನಾನು ಈಗ ಅಪ್ಪನ ಕಥೆಯನ್ನೇ ಮೊದಲು ಕೇಳುತ್ತೇನೆ. ಅರ್ಧಕ್ಕೆ ತಡೆಯುವುದಿಲ್ಲ, ಪೂರ್ತಿ ಹೇಳಲಿ. ಬೇರೆ ಹಾಳೆಯಲ್ಲಿ ಬರೆದುಕೊಂಡು ಆ ಹಾಳೆಯನ್ನು ಮಗುಚಿಡುತ್ತೇನೆ. ‘ಅಣ್ಣ, ಅದು ಅವರದ್ದು, ಇಲ್ಲಿದೆ. ಈಗ ನಿಮ್ಮದೇ ಕಳೆದ ಏಳು ದಿನ ಮಾತ್ರ ಹೇಳಿ. ಆ ಏಳು ದಿನದಲ್ಲಿ ಯಾವ ದಿನ ಎಲ್ಲಕ್ಕಿಂತ ಕಷ್ಟ ಆಯ್ತು, ಆವತ್ತು ಎಷ್ಟು? ಉಳಿದ ದಿನ ಎಷ್ಟು?’ ಎರಡು ಬರೆಸಿದವರು ಹೀಗೆ ಕೇಳಿದಾಗ ಏಳು ಅಂದರು. ಉಲ್ಟಾ ಕೂಡ ಆಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಆಗಷ್ಟೇ ಗುಳ್ಳೆ ಕಂಡ ಒಬ್ಬ ಹುಡುಗಿ, ಬೆನ್ನು ಸ್ವಲ್ಪ ಹಿಡಿದುಕೊಂಡರೂ ಅಪ್ಪನಿಗಾದದ್ದೇ ನನಗೂ ಆಗುತ್ತಿದೆ ಅಂತ ಹೆದರಿ ಎಂಟು ಅನ್ನುತ್ತಿದ್ದಳು. ಏಳು ದಿನಕ್ಕೆ ತಂದು ಕೇಳಿದರೆ ಅವಳ ನೋವು ಬೇರೆ, ಹೆದರಿಕೆ ಬೇರೆ ಅಂತ ಅವಳಿಗೇ ಕಂಡಿತು. ಹೆದರಿಕೆಯನ್ನೂ ಬರೆದೆ, ಆದರೆ ನೋವಿನ ಜಾಗದಲ್ಲಿ ಅಲ್ಲ.

ಇನ್ನು ಯಾವ ನೋವು ಅನ್ನುವುದು. ಈ ಕಾಯಿಲೆಗೆಂದೇ ಮಾಡಿದ ಪ್ರಶ್ನೆಪಟ್ಟಿಯಲ್ಲಿ ನೋವನ್ನು ಮೂರಾಗಿ ಕೇಳುತ್ತಾರೆ: ಮಂದವಾಗಿ ಎಳೆಯುವ ನೋವು, ಚುಚ್ಚುವ ನೋವು, ಹೊಟ್ಟೆ ತುಂಬಿ ಬಿಗಿದ ಹಾಗಿನ ಹಿಂಸೆ. ನಾನೂ ಮೂರಕ್ಕೂ ಬೇರೆ ಬೇರೆ ಅಂಕಿ ಹಾಕುತ್ತೇನೆ. ಮೂರನೆಯದನ್ನು ಜನ ನೋವು ಅಂತ ಎಣಿಸುವುದೇ ಇಲ್ಲ, ಕೇಳದಿದ್ದರೆ ಹೇಳುವುದೂ ಇಲ್ಲ. ಕೇಳಿದರೆ ಎಷ್ಟು ಬರುತ್ತದೆ ಗೊತ್ತಾ? ಒಬ್ಬರು ಮದುವೆಯಲ್ಲಿ ಕುಪ್ಯದ (ಕೊಡವರ ಉದ್ದ ನಿಲುವಂಗಿ) ಮೇಲೆ ಚೇಲೆ, ಅಂದರೆ ಸೊಂಟದ ರೇಷ್ಮೆ ಪಟ್ಟಿ, ಬಿಗಿಯಲು ಆಗದೆ ಸಡಿಲವಾಗಿ ಸುತ್ತಿಕೊಂಡು ನಿಂತಿದ್ದರಂತೆ. ಕಾಫಿ ಕೊಯ್ಯುವ ಒಬ್ಬ ಅಕ್ಕನಿಗೆ ಸೊಂಟಕ್ಕೆ ಕಟ್ಟುವ ಚೀಲವೇ ಶತ್ರು. ಹಣ್ಣು ತುಂಬಿದ ಹಾಗೆ ಹೊಟ್ಟೆ ಒತ್ತುತ್ತದೆ, ಊಟಕ್ಕೆ ಕೂತರೆ ಎರಡು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇಳಿಯುವುದಿಲ್ಲ.

ಬೆರಳಲ್ಲಿ ತೋರಿಸಿ ಅಂತಲೂ ಕೇಳುತ್ತೇನೆ. ಒಂದೇ ಬೆರಳಿಟ್ಟು ‘ಇಲ್ಲೇ’ ಅಂದರೆ ಒಂದು ಗುಳ್ಳೆಯ ತೊಂದರೆ ಇರಬಹುದು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಹೋದರೆ ಲಿವರ್‌ನ ಗುಳ್ಳೆಯ ಯೋಚನೆ ಬರುತ್ತದೆ, ಈ ಕಾಯಿಲೆಯಲ್ಲಿ ಅಲ್ಲೂ ಗುಳ್ಳೆ ಏಳುತ್ತದೆ. ಸೊಂಟದ ತುಂಬಾ ಅಂಗೈ ಆಡಿಸಿದರೆ ಬೆನ್ನಿನ ಸ್ನಾಯುಗಳೇ ಕಾರಣ ಇರಬಹುದು. ಹೊಟ್ಟೆಯ ಭಾರಕ್ಕೆ ಸೊಂಟ ಮುಂದಕ್ಕೆ ಬಾಗುತ್ತದಲ್ವಾ, ಅದಕ್ಕೆ ಫಿಸಿಯೋಥೆರಪಿಯಿಂದ ನಿಜವಾಗಿ ಅನುಕೂಲ ಆಗುತ್ತದೆ. ಯಾವುದು ಏನು ಅಂತ ತೀರ್ಮಾನ ಮಾಡುವುದು ಡಾಕ್ಟರು, ನನ್ನ ಕೆಲಸ ಬೆರಳು ಎಲ್ಲಿತ್ತು ಅಂತ ಸರಿಯಾಗಿ ಬರೆಯುವುದು.

ಅಂಕಿಯ ಪಕ್ಕದಲ್ಲಿ ಆ ವಾರದ ಕೆಲಸ ಬರೆಯದಿದ್ದರೆ ಕೊಡಗಿನಲ್ಲಿ ಅಂಕಿಗೆ ಅರ್ಥವೇ ಇಲ್ಲ. ಜನವರಿಯಲ್ಲಿ ಕಾಫಿ ಕೊಯ್ಲು, ಆಮೇಲೆ ಏಣಿ ಹತ್ತಿ ಕರಿಮೆಣಸು ಕೊಯ್ಯುವುದು, ಮೂಟೆ ಎತ್ತುವುದು. ಜುಲೈ ಮಳೆಯಲ್ಲಿ ಅದೇ ಮನುಷ್ಯ ಒಲೆ ಮುಂದೆ ಕೂತಿರುತ್ತಾನೆ. ಎರಡೂ ತಿಂಗಳಲ್ಲಿ 4 ಅಂದರೆ ಎರಡೂ ಒಂದೇ ನೋವಲ್ಲ. ಜುಲೈನಲ್ಲಿ ಸುಮ್ಮನೆ ಕೂತವನಿಗೆ 4 ಇದ್ದರೆ ನನಗೆ ಜಾಸ್ತಿ ಚಿಂತೆ. ನಿದ್ದೆ, ನಡಿಗೆ, ಕೆಲಸ, ಮನಸ್ಸು, ಇವಕ್ಕೆ ನೋವು ಎಷ್ಟು ಅಡ್ಡ ಬಂತು ಅಂತ ಕೇಳುವುದು ಹಳೆಯ ಪದ್ಧತಿ, ಕ್ಯಾನ್ಸರ್ ನೋವಿಗೂ ಹಾಗೇ ಕೇಳುತ್ತಾರೆ. ನಾನು ಅದನ್ನು ಇಲ್ಲಿನ ಕೆಲಸಕ್ಕೆ ಹೊಂದಿಸಿಕೊಂಡೆ. ಏಣಿ ಹತ್ತಿದಿರಾ, ಯಾವ ಕೆಲಸ ಬೇರೆಯವರಿಗೆ ಬಿಟ್ಟಿರಿ, ಕೂಲಿ ಎಷ್ಟು ದಿನ ತಪ್ಪಿತು.

ತುಂಬಾ ಮುಖ್ಯವಾದದ್ದು ಮಾತ್ರೆ. ಅಂಕಿ ಕಡಿಮೆ ಬಂದಾಗ ನಾನು ಖುಷಿ ಪಡುವ ಮೊದಲು ಮಾತ್ರೆಯ ಪಟ್ಟಿ ತೋರಿಸಿ ಅನ್ನುತ್ತೇನೆ. ಮೆಡಿಕಲ್‌ನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಥವಾ ಅಸಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಇದ್ದರೆ ಅಂಕಿ ಇಳಿದಿರುವುದು ಆ ಮಾತ್ರೆಯಿಂದ. ಮೊದಲೇ ಸೋತ ಕಿಡ್ನಿಗೆ ಈ ಮಾತ್ರೆಗಳಿಂದ ಇನ್ನೂ ಪೆಟ್ಟು ಬೀಳುತ್ತದೆ. ಇವರಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಪ್ಯಾರಾಸಿಟಮಾಲ್, ಅದೂ ಡಾಕ್ಟರು ಹೇಳಿದಷ್ಟೇ. ಬೈಯುವುದಿಲ್ಲ ನಾನು. ಬೈದರೆ ಮುಂದಿನ ಸಲ ಪಟ್ಟಿ ತರುವುದೇ ಇಲ್ಲ.

ಕೆಲವು ಸಲ ಅಂಕಿ ಹಾಕುತ್ತಾ ಕೂರಬಾರದು. ನೋವಿನ ಜೊತೆ ಜ್ವರ, ಚಳಿ ಬಂದರೆ ಗುಳ್ಳೆಗೆ ಸೋಂಕು ತಗುಲಿರಬಹುದು. ಮೂತ್ರ ಕೆಂಪಾದರೆ ಗುಳ್ಳೆಯಲ್ಲಿ ರಕ್ತ ಒಸರಿರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ ನೋವು ಕಲ್ಲಿನದ್ದಿರಬಹುದು. ಇವರಲ್ಲಿ ಕೆಲವರಿಗೆ ಮೆದುಳಿನ ರಕ್ತನಾಳ ಉಬ್ಬಿರುವುದರಿಂದ, ಎಂದೂ ಬಾರದ ತಲೆನೋವು ಒಮ್ಮೆಲೇ ಬಡಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ನನಗೆ ಬೇಸರ ತರಿಸುವುದು ಒಂದು ಮಾತು: ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) ಸರಿಯಾಗಿದೆ, ನೋವು ಹೇಗೆ ಬರುತ್ತದೆ? ಬರುತ್ತದೆ. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಎಷ್ಟೋ ಜನರಿಗೆ ನೋವು ಶುರುವಾಗಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಂಡ ಅಳತೆ ನೋಡಿ ಈ ಮನುಷ್ಯನಿಗೆ ಇಷ್ಟೇ ನೋವು ಅಂತ ಹೇಳಲೂ ಆಗುವುದಿಲ್ಲ. ಅದಕ್ಕೇ ಅವರ ಬಾಯಿಂದಲೇ ಕೇಳಬೇಕು, ಅದಕ್ಕೆ ಸಮಯ ಕೊಡಬೇಕು.

ಆ ಬೆಳೆಗಾರರ ಹಾಳೆಯಲ್ಲಿ ರಾತ್ರಿಯ ಏಳು, ಒಂದೇ ಬೆರಳು, ಬಿಟ್ಟುಹೋದ ನಿದ್ದೆ ಎಲ್ಲ ಒಟ್ಟಿಗೆ ಕಂಡ ಮೇಲೆ ಡಾಕ್ಟರು ಅವರನ್ನು ಕಿಡ್ನಿ ತಜ್ಞರ ಹತ್ತಿರ ಕಳಿಸಿದರು. ಅಲ್ಲಿ ದೊಡ್ಡ ಗುಳ್ಳೆಯೊಂದರ ನೀರು ಸೂಜಿಯಿಂದ ತೆಗೆದರು. ಈಗ ಅವರ ತಮ್ಮನೂ ಬರುತ್ತಿದ್ದಾರೆ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿಯೇ ಕೇಳುತ್ತೇನೆ, ಇಲ್ಲದಿದ್ದರೆ ತಮ್ಮ ಅಣ್ಣನ ಮುಖ ನೋಡಿ ಒಂದು ಅಂಕಿ ಕಡಿಮೆ ಹೇಳುತ್ತಾರೆ.