ಏರ್‌ ರೈಫಲ್‌ ಬೆನ್ನಿಗೆ ಸ್ಕೋಪ್ ರೇಲ್ ಅಂಟಿಸುವುದು ಹೇಗೆ?

ನಮ್ಮ ಶಿರಸಿ ಕಡೆಯ ತೋಟದ ಮನೆಗಳ ಅಟ್ಟ ತಡಕಿದರೆ ಹಳೆಯ ಏರ್‌ ರೈಫಲ್‌ ಸಿಗುವುದು ಅಪರೂಪವಲ್ಲ. ಮರದ ಹಿಡಿಕೆ, ಮುರಿದು, ಅಂದರೆ ನಡುವೆ ಮಡಚಿ, ಲೋಡ್ ಮಾಡುವ ನಳಿಗೆ, ಅದರ ಹಿಂದಿನ ಉಕ್ಕಿನ ಕೊಳವೆಯ ಬೆನ್ನು ಮಾತ್ರ ನುಣ್ಣಗೆ. ಹೊಸ ಮಾದರಿಗಳಲ್ಲಿ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕಚ್ಚಿಸಲೆಂದೇ 11 ಮಿ.ಮೀ. ಅಂತರದ ಜೋಡಿ ಗಾಡಿ (ಉದ್ದುದ್ದ ಕಚ್ಚು) ಕೊರೆದಿರುತ್ತಾರೆ. ಹಳೆಯದರಲ್ಲಿ ಅದಿಲ್ಲ. ಅದಕ್ಕೇ ಸ್ಕೋಪ್ ಹಿಡಿಯುವ ಅಲ್ಯೂಮಿನಿಯಂ ಪಟ್ಟಿ, ಅಂದರೆ ರೇಲ್, ತಂದು ಮೇಲೆ ಕೂರಿಸಬೇಕು. ನಾನು ರೇಲ್ ತರಿಸಿದ ದಿನ ಭಾವ ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದ. ‘ಶಿರಸಿಗೇ ರೈಲು ಬೈಂದಿಲ್ಲೆ, ನಿನ್ನ ಏರ್‌ಗನ್ನಿಗೆ ಬಂತಾ ಮಾರಾಯ?’ ಅಂದ.

ಬಂದಿತ್ತು. ಆದರೆ ನಿಲ್ಲಲಿಲ್ಲ. ಮೊದಲ ಸಲ ಒಂದೇ ಹನಿಗೆ ಹಿಡಿಯುವ ಸೂಪರ್ ಗ್ಲೂ ಹಾಕಿದ್ದೆ. ಎರಡು ಡಬ್ಬಿ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಮುಗಿಯುವುದರೊಳಗೆ ಸ್ಕೋಪು ರೇಲಿನ ಸಮೇತ ಅಂಗಳದ ಅಡಿಕೆ ರಾಶಿಗೆ ಬಿತ್ತು. ಅಂಥ ಅಂಟು ಒಣಗಿದರೆ ಗಾಜಿನ ಹಾಗೆ ಬಿರುಸು, ಪೆಟ್ಟು ತಾಳುವುದಿಲ್ಲ. ಸ್ಪ್ರಿಂಗ್ ಏರ್‌ ರೈಫಲ್‌ನ ಪೆಟ್ಟಾದರೂ ಎರಡು ಬಗೆಯದು. ಕೊಳವೆಯೊಳಗೆ ಗಾಳಿ ಒತ್ತುವ ಪಿಸ್ಟನ್ ಮುಂದೆ ನುಗ್ಗುವಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ಧಡಕ್ಕನೆ ಮುಂದಕ್ಕೆ ಎಳೆಯುತ್ತದೆ. ಇದಕ್ಕೆಂದೇ ಮಾಡಿದ ಸ್ಕೋಪ್ ಅಲ್ಲದಿದ್ದರೆ ಒಳಗಿನ ಗಾಜೇ ಸಡಿಲವಾಗುತ್ತದೆ.

ಹಾಗಾದರೆ ಸ್ಕ್ರೂ ಹೊಡೆದರಾಗದೇ? ಆಗದು. ಬೆನ್ನಿನ ಆ ಕೊಳವೆಯೊಳಗೇ ಪಿಸ್ಟನ್ ಓಡುವುದು. ಒಂದು ತೂತು ಬಿದ್ದರೆ ಗಾಳಿ ಸೋರುತ್ತದೆ, ತೂತಿನ ಅಂಚು ಪಿಸ್ಟನ್ನಿನ ಸೀಲನ್ನು ಕೆರೆದು ಹಾಕುತ್ತದೆ. ಡ್ರಿಲ್ಲನ್ನು ಹತ್ತಿರವೂ ತರಬೇಡಿ.

ಬೇಕಾದದ್ದು ಎರಡು ಟ್ಯೂಬಿನ (ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ), 24 ತಾಸಿನಲ್ಲಿ ಗಟ್ಟಿಯಾಗುವ ನಿಧಾನದ ಎಪಾಕ್ಸಿ ಅಂಟು. ಐದು ನಿಮಿಷದ್ದು ಬೇಡ. ಅದು ಸರಿಪಡಿಸಲು ಪುರುಸೊತ್ತು ಕೊಡುವುದಿಲ್ಲ. ಬಲದ ಚಿಂತೆ ಬಿಡಿ. 12 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಅಗಲದ ರೇಲ್ ಅಂದರೆ 18 ಚದರ ಸೆಂ.ಮೀ. ಜಾಗ. ಚದರ ಸೆಂ.ಮೀ.ಗೆ 100 ಕಿಲೋ ತಡೆದರೂ ಒಟ್ಟು 1,800 ಕಿಲೋ ಆಯಿತು. ಸ್ಕೋಪಿನ ತೂಕ ಅರ್ಧ ಕಿಲೋ. ಅಂಟು ಬಿಡುವುದು ಶಕ್ತಿ ಸಾಲದೆ ಅಲ್ಲ, ಅಡಿಯಲ್ಲಿ ಎಣ್ಣೆ ಇರುವುದರಿಂದ, ಇಲ್ಲವೆ ರೇಲ್ ಸರಿಯಾಗಿ ಕೂರದೆ ಒಂದು ತುದಿಯಿಂದ ಸುಲಿದುಕೊಳ್ಳುವುದರಿಂದ. ಎಪಾಕ್ಸಿಯ ಸ್ವಭಾವವೇ ಹಾಗೆ, ಜಾರಿಸಿದರೆ ಕದಲದು, ಬಾಳೆಪಟ್ಟೆಯ ಹಾಗೆ ತುದಿಯಿಂದ ಸುಲಿದರೆ ಬಂದುಬಿಡುತ್ತದೆ.

ಶುರು ಮಾಡುವ ಮೊದಲು ನಳಿಗೆ ಮುರಿದು ಬೆಳಕಿಗೆ ಹಿಡಿದು ನೋಡಿ. ಪೆಲೆಟ್ ಇರಬಾರದು, ಸ್ಪ್ರಿಂಗ್ ಎಳೆದಿರಬಾರದು. ಇನ್ನೊಂದು ಸಲ ನೋಡಿ.

ಕೂರಿಸುವ ಕೆಲಸ

ಇಡೀ ಕೆಲಸದ ಜೀವಾಳ ಇಲ್ಲಿದೆ, ಅರ್ಧ ದಿನ ಹೋದರೂ ಹೋಗಲಿ. ಕೊಳವೆ ದುಂಡಗೆ, ರೇಲಿನ ಅಡಿ ಚಪ್ಪಟೆ ಅಥವಾ ಬೇರೆ ಯಾವುದೋ ಬಂದೂಕಿನ ದುಂಡಿಗೆ ಕೊರೆದದ್ದು. 80 ನಂಬರಿನ ಎಮರಿ ಪೇಪರನ್ನು ಒರಟು ಮೈ ಮೇಲಾಗಿ ಕೊಳವೆಗೆ ಬಿಗಿಯಾಗಿ ಸುತ್ತಿ. ಅದರ ಮೇಲೆ ರೇಲನ್ನು ಉದ್ದಕ್ಕೆ ಹಿಂದೆ ಮುಂದೆ ಉಜ್ಜುತ್ತ ಹೋಗಿ. ಕೊಳವೆಯ ದುಂಡು ರೇಲಿನ ಅಡಿಗೆ ತಾನಾಗಿ ಇಳಿಯುತ್ತದೆ. ಎಷ್ಟು ಇಳಿಯಿತೆಂದು ನೋಡಲು ಪೇಪರ್ ತೆಗೆದು, ಕೊಳವೆಗೆ ಮಾರ್ಕರ್ ಶಾಯಿ ಬಳಿದು, ಹಸಿಯಿರುವಾಗಲೇ ರೇಲ್ ಒತ್ತಿ ಎತ್ತಿ. ಮೊದಮೊದಲು ಚಪ್ಪಟೆ ಅಡಿಯಾದರೆ ನಟ್ಟನಡುವೆ, ಕೊಳವೆಗಿಂತ ಸಣ್ಣ ದುಂಡಿಗೆ ಕೊರೆದ ಅಡಿಯಾದರೆ ಎರಡು ಅಂಚಿಗೆ ಮಾತ್ರ ಕಪ್ಪು ಗೆರೆ ಹತ್ತುತ್ತದೆ. ಉಜ್ಜಿದಂತೆಲ್ಲ ಗೆರೆ ಅಗಲವಾಗಿ ಕಡೆಗೆ ಅಡಿಯೆಲ್ಲ ಕಪ್ಪಾಗುತ್ತದೆ. ಬೆರಳಲ್ಲಿ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳದಿದ್ದರೆ ಸಾಕು.

ಆಮೇಲೆ ಕೊಳವೆಯ ಮೇಲೆ ರೇಲ್ ಕೂರುವಷ್ಟೇ ಜಾಗಕ್ಕೆ ಸುತ್ತ ಟೇಪ್ ಹಚ್ಚಿ, ಒಳಗಿನ ಕಪ್ಪು ಬಣ್ಣ ಹೋಗಿ ಬಿಳಿ ಉಕ್ಕು ಕಾಣುವವರೆಗೆ ಅಡ್ಡಡ್ಡ ಕೆರೆಯಿರಿ. ಟೇಪಿನ ಹೊರಗೆ ಸ್ವಲ್ಪ ಮೇಣ ಸವರಿದರೆ ಹೊರಗುಕ್ಕಿದ ಅಂಟು ಅಲ್ಲಿ ಹಿಡಿಯುವುದಿಲ್ಲ. ಮೇಣ ಮುಟ್ಟಿದ ಬೆರಳು ಮತ್ತೆ ಒಳಗೆ ಹೋಗಬಾರದು ಅಷ್ಟೆ. ಕೈಗೆ ಗ್ಲೌಸ್ ಹಾಕಿಕೊಂಡು ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಎರಡೂ ಮೈ ಒರೆಸಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಹೊಸ ತುಂಡು ತೆಗೆದುಕೊಳ್ಳಿ. ಉಗುರುಬಣ್ಣ ತೆಗೆಯುವ ದ್ರಾವಣ ನಡೆಯುವುದಿಲ್ಲ, ಅದರಲ್ಲಿ ಎಣ್ಣೆ ಬೆರೆಸಿರುತ್ತಾರೆ. ಒರೆಸಿದ ಮೇಲೆ ಚಾ ಕುಡಿದು ಬರುತ್ತೇನೆಂದು ಏಳಬೇಡಿ. ಜುಲೈ ತಿಂಗಳಲ್ಲಿ ನಾನು ಹಾಗೆ ಎದ್ದುಹೋಗಿ ಬರುವಷ್ಟರಲ್ಲಿ ಬಿಳಿ ಉಕ್ಕಿನ ಮೇಲೆ ಕಂದು ತುಕ್ಕು ಮೂಡಿತ್ತು.

ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಗಾಳಿಯ ತೇವ ಗಟ್ಟಿಕಾರಕದೊಳಗೆ ಸೇರಿ ಅಂಟಿನ ಮೇಲೆ ಜಿಗುಟು ಪೊರೆ ಕಟ್ಟುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಅಂಟು

ಎರಡೂ ಟ್ಯೂಬಿನಿಂದ ಸಮ ಸಮ ಹಿಂಡಿ, ಬಣ್ಣ ಒಂದೇ ಆದ ಮೇಲೂ ಒಂದು ನಿಮಿಷ ಕಲಸಿ. ಎರಡೂ ಮೈಗೆ ತೆಳ್ಳಗೆ ಸವರಿ. ಪೂರ್ತಿ ಒತ್ತಿ ಅಂಟನ್ನೆಲ್ಲ ಹೊರಗೆ ಹಾಕಿಬಿಟ್ಟರೆ ಒಳಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಅದಕ್ಕೆ ಗಾಳದ ಸಪೂರ ನೈಲಾನ್ ದಾರದ ಎರಡು ತುಂಡನ್ನು ಅಡ್ಡಕ್ಕೆ ಇಡುತ್ತೇನೆ, 0.15 ಮಿ.ಮೀ. ದಪ್ಪದ್ದು. ಅಷ್ಟು ಪದರ ಉಳಿದರೆ ಇನ್ನೊಂದು ಲಾಭವಿದೆ. ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಉಕ್ಕಿಗೆ ನೇರ ತಾಗಿದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ತಿಂದುಹೋಗುತ್ತದೆ; ನಡುವೆ ಅಂಟಿನ ಪದರವಿದ್ದರೆ ಎರಡೂ ಮುಟ್ಟುವುದೇ ಇಲ್ಲ.

ಇನ್ನು ನೇರ. ಮುಂದಿನ ಗುರಿಮಣಿಯಿಂದ ಹಿಂದಿನ ಗುರಿಗಾಡಿಯ (ಗುರಿ ನೋಡುವ ಕಚ್ಚಿನ) ಮೇಲೆ ಹಾಯಿಸಿ ರೇಲಿನ ಹಿಂದಿನವರೆಗೆ ದಾರ ಎಳೆದು ಕಟ್ಟಿ. ರೇಲಿನ ನಟ್ಟನಡುವೆ ಮೊದಲೇ ಪೆನ್ಸಿಲ್ ಗೆರೆ ಹಾಕಿಟ್ಟಿದ್ದರೆ ದಾರದ ಕೆಳಗೆ ಗೆರೆ ಮುಚ್ಚಿಹೋಗುವವರೆಗೆ ಸರಿಸಬಹುದು. ಅಡ್ಡ ಮಟ್ಟಕ್ಕೆ ಗಾರೆಯವರ ರಸಮಟ್ಟ ಸಾಕು, ಬಂದೂಕು ಅಲ್ಲಾಡದಂತೆ ಎರಡು ಅಕ್ಕಿ ಚೀಲದ ನಡುವೆ ಇಟ್ಟುಕೊಳ್ಳಿ. ಸರಿಯಾದ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಮೂರು ಕಡೆ ಸುತ್ತಿ ಕಟ್ಟಿ, ಮತ್ತೊಮ್ಮೆ ದಾರ ನೋಡಿ. ಕಟ್ಟುವಾಗ ಕದಲಿರುತ್ತದೆ, ನನ್ನದು ಪ್ರತಿ ಸಲ ಕದಲಿದೆ. ಉಕ್ಕಿ ಬಂದ ಅಂಟನ್ನು ವಿನೆಗರ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಮಿಕ್ಕ ಅಂಟನ್ನು ರಟ್ಟಿನ ಮೇಲೆ ಹಾಗೇ ಬಿಟ್ಟು ಪಕ್ಕದಲ್ಲಿಡಿ. ಮರುದಿನ ಅದಕ್ಕೆ ಉಗುರು ಚುಚ್ಚಿ ನೋಡಿ. ಗುರುತು ಬಿದ್ದರೆ ಬಂದೂಕಿನ ಮೇಲಿನದೂ ಹಸಿ. ಚಳಿಗಾಲದ ರಾತ್ರಿಗಳಲ್ಲಿ ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಸ್ಪ್ರಿಂಗ್ ಎಳೆಯುವಂತಿಲ್ಲ.

ಸ್ಕೋಪನ್ನು ರೇಲಿಗೆ ಹಿಡಿಯುವ ರಿಂಗ್ ಕೂರಿಸುವಾಗ ಅದರ ಹಲ್ಲನ್ನು ರೇಲಿನ ಅಡ್ಡ ಗಾಡಿಯ ಹಿಂಬದಿ ಗೋಡೆಗೆ ಒತ್ತಿ ಬಿಗಿಯಿರಿ. ಕೊನೆಯ ಎಳೆತ ಮುಂದಕ್ಕಾದ್ದರಿಂದ ಸ್ಕೋಪ್ ಜಾರುವುದು ಹಿಂದಕ್ಕೆ. ಮದ್ದುಗುಂಡಿನ ರೈಫಲ್‌ನಲ್ಲಿ ಇದು ತಿರುವುಮುರುವು. ಅಲ್ಲಿ ರೇಲನ್ನು ಹಿಡಿಯುವುದು ಸ್ಕ್ರೂಗಳು, ಅಂಟು ಬರೀ ಅಡಿಯ ಸಂದು ತುಂಬಲು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕಿನ ದುರಸ್ತಿಯಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇರುವ ರಿಪೇರಿಯವರ ಕೆಲಸ, ಮನೆಯಲ್ಲಿ ಮುಟ್ಟಬೇಡಿ.

ಕಡೆಗೆ ರೇಲಿನಿಂದ ಕೊಳವೆಗೆ ಅಡ್ಡಲಾಗಿ ಉಗುರುಬಣ್ಣದ ಒಂದು ಸಣ್ಣ ಗೆರೆ ಎಳೆದಿಡಿ. ರೇಲ್ ಕೂದಲೆಳೆಯಷ್ಟು ಸರಿದರೂ ಗೆರೆ ತುಂಡಾಗಿ ಕಾಣುತ್ತದೆ. ಗುರಿಗೆ ಕಾಗದ ಸಾಕು, ಹಿಂದೆ ಹಳೆ ಬಟ್ಟೆ ತುಂಬಿದ ಪೆಟ್ಟಿಗೆ ಇರಲಿ. ಚಿರೆಕಲ್ಲಿನ ಗೋಡೆಗೆ ಹೊಡೆದರೆ ಪೆಲೆಟ್ ತಿರುಗಿ ಬರುತ್ತದೆ. ಮಂಗ, ಕೇಶಳಿಲು, ಹಕ್ಕಿಗಳ ಕಡೆ ತಿರುಗಿಸಿದರೆ 1972ರ ವನ್ಯಜೀವಿ ಕಾಯ್ದೆ ಇದೆ. ನನ್ನ ಗೆರೆಗೆ ಈಗ ಎರಡು ಮಳೆಗಾಲ ಕಳೆಯಿತು. ಭಾವ ಬಂದಾಗಲೆಲ್ಲ ಕನ್ನಡಕ ಏರಿಸಿ ಅದನ್ನೇ ನೋಡುತ್ತಾನೆ, ತುಂಡಾಗಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಜಾರು.