ತರಬೇತಿ ಯೋಜನೆಯನ್ನು ವಿಮರ್ಶಾತ್ಮಕವಾಗಿ ಓದುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಾಲೆ, ಕಚೇರಿ, ಕಾರ್ಖಾನೆಗಳಲ್ಲಿ ತರಬೇತಿ ಏರ್ಪಡಿಸುವ ಅಥವಾ ಪರಿಶೀಲಿಸುವ ಹೊಣೆ ಹೊತ್ತ ಮುಖ್ಯಗುರುಗಳು, ಸಿಆರ್‌ಪಿಗಳು (ಶಾಲಾ ಕ್ಲಸ್ಟರ್‌ಗಳ ಸಂಪನ್ಮೂಲ ವ್ಯಕ್ತಿಗಳು) ಮತ್ತು ಸಿಬ್ಬಂದಿ ವಿಭಾಗದ ಅಧಿಕಾರಿಗಳು ಕಡತ ತೆರೆದೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಯೋಜನೆ ಕೊರತೆಯನ್ನು ಎಲ್ಲಿ ಕಾಣುತ್ತಿದೆ, ವ್ಯಕ್ತಿಯಲ್ಲೋ ವ್ಯವಸ್ಥೆಯಲ್ಲೋ?

ಪೀಠಿಕೆಯಲ್ಲಿ ‘ಸಿಬ್ಬಂದಿಯ ಸಾಮರ್ಥ್ಯದ ಕೊರತೆ’ ಎಂದಷ್ಟೇ ಇದ್ದರೆ ಅಲ್ಲಿಯೇ ನಿಲ್ಲಬೇಕು. ಅರ್ಥಶಾಸ್ತ್ರಜ್ಞರಾದ ಥಿಯೋಡರ್ ಶುಲ್ಟ್ಜ್ 1961ರಲ್ಲಿ, ಗ್ಯಾರಿ ಬೆಕರ್ 1964ರಲ್ಲಿ ವಿವರಿಸಿದ ಮಾನವ ಬಂಡವಾಳದ ವಾದವು ಕಲಿಕೆಯನ್ನು ಹೂಡಿಕೆಯಾಗಿಯೂ ಹೆಚ್ಚಿದ ಗಳಿಕೆಯನ್ನು ಅದರ ಫಲವಾಗಿಯೂ ಕಂಡಿತು. ಈ ಲೆಕ್ಕದಲ್ಲಿ ಸತ್ಯಾಂಶವಿದೆ. ಆದರೆ ಹುದ್ದೆ ಖಾಲಿ ಇರುವುದು, ಕೊಠಡಿ ಸೋರುವುದು, ಕೂಲಿ ಸಾಲದಿರುವುದು ಈ ಲೆಕ್ಕದಿಂದ ಸುಲಭವಾಗಿ ಹೊರಗುಳಿಯುತ್ತವೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಾಗ ಅಳೆದದ್ದು ಕೃಷಿ, ಉದ್ಯಮ, ಮೂಲಸೌಲಭ್ಯಗಳಂತಹ ಅಂಶಗಳನ್ನು. ನಮ್ಮ ಭಾಗದ ಹಿಂದುಳಿದಿರುವಿಕೆಯನ್ನು ಇಲ್ಲಿನ ಜನರ ಸ್ವಭಾವವೆಂಬಂತೆ ಬರೆಯುವ ಪೀಠಿಕೆಗಳನ್ನು ಒಪ್ಪಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಯಾದಗಿರಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳಿ. ನಲಿ-ಕಲಿ (ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ವಿಧಾನ) ತರಬೇತಿಗಾಗಿ ಶಿಕ್ಷಕಿ ಓಓಡಿ (ಅನ್ಯ ಕರ್ತವ್ಯ) ಮೇಲೆ ಬಿಆರ್‌ಸಿಗೆ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ, ಹೋಗಿದ್ದಾರೆ. ಶಾಲೆಯಲ್ಲಿ ಉಳಿದ ಒಬ್ಬರೇ ಅತಿಥಿ ಶಿಕ್ಷಕರು ಎಲ್ಲ ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿದ್ದಾರೆ. ಮನೆಯಲ್ಲಿ ಲಂಬಾಣಿ ಅಥವಾ ತೆಲುಗು ಆಡುವ ಮಕ್ಕಳು ಕನ್ನಡದ ಕಾರ್ಡು ಹಿಡಿದು ಸುಮ್ಮನೆ ಕುಳಿತಿದ್ದಾರೆ. ಮರಳಿ ಬಂದ ಶಿಕ್ಷಕಿಯ ಬಳಿ ಹೊಸ ವಿಧಾನವೇನೋ ಇರುತ್ತದೆ, ಆದರೆ ಮಕ್ಕಳ ಮನೆಮಾತಿನಲ್ಲಿ ಸಾಮಗ್ರಿ ಇರುವುದಿಲ್ಲ, ಎರಡನೆಯ ಕಾಯಂ ಶಿಕ್ಷಕರೂ ಇರುವುದಿಲ್ಲ. ವರ್ಷಾಂತ್ಯದಲ್ಲಿ ಫಲಿತಾಂಶ ಕುಸಿದರೆ ತರಬೇತಿ ಪಡೆದೂ ಸುಧಾರಿಸಲಿಲ್ಲವೆಂಬ ಷರಾ ಬೀಳುವುದು ಅವರ ಮೇಲೆಯೇ.

ಆದ್ದರಿಂದ ಮೌಲ್ಯಮಾಪನದ ನಮೂನೆಯನ್ನು ಎಚ್ಚರದಿಂದ ಓದಬೇಕು. ತರಬೇತಿ ಮೌಲ್ಯಮಾಪನದ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮಂಡಿಸಿದ, ಇಂದಿಗೂ ಬಳಕೆಯಲ್ಲಿರುವ ನಾಲ್ಕು ಹಂತಗಳೆಂದರೆ ಪ್ರತಿಕ್ರಿಯೆ, ಕಲಿಕೆ, ವರ್ತನೆ ಮತ್ತು ಫಲಿತಾಂಶ. ಇವು ತರಬೇತಿ ಕೆಲಸ ಮಾಡಿತೇ ಎಂಬುದನ್ನು ಪರೀಕ್ಷಿಸುತ್ತವೆ. ಸಮಸ್ಯೆಗೆ ತರಬೇತಿಯೇ ಪರಿಹಾರವಾಗಿತ್ತೇ ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ಆ ಪ್ರಶ್ನೆಯನ್ನು ನಮೂನೆಯ ಮೊದಲ ಸಾಲಾಗಿ ನೀವೇ ಸೇರಿಸಿ.

ಕಾರ್ಖಾನೆಯಲ್ಲಾದರೆ ಹಾಜರಿ ಪಟ್ಟಿಯಿಂದ ಆರಂಭಿಸುವುದು ಒಳ್ಳೆಯದು. ಸೇಡಂ, ವಾಡಿ ಭಾಗದ ಸಿಮೆಂಟ್ ಕಾರ್ಖಾನೆಯಿರಲಿ, ಕಲಬುರಗಿಯ ದಾಲ್‌ಮಿಲ್ ಇರಲಿ, ಬಡ್ತಿಗೆ ದಾರಿಯಾಗುವ ತರಬೇತಿ ಯಾರಿಗೆ, ನಿಯಮ ಪಾಲಿಸಿರೆಂದು ಹೇಳುವ ತರಬೇತಿ ಯಾರಿಗೆ ಎಂದು ನೋಡಿ. ಗುತ್ತಿಗೆ ಕಾರ್ಮಿಕರ ಹಾಗೂ ಮಹಿಳೆಯರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಗುರುತಿಸಿ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಅಪ್ರೆಂಟಿಸ್‌ಗಳನ್ನು ಕಾರ್ಮಿಕರೆಂದಲ್ಲ, ತರಬೇತಿ ಪಡೆಯುವವರೆಂದು ಪರಿಗಣಿಸುತ್ತದೆ. ಅವರು ಕಲಿಯುತ್ತಿದ್ದಾರೆಯೇ ಅಥವಾ ಕಾಯಂ ನೌಕರರ ಕೆಲಸವನ್ನೇ ಕಡಿಮೆ ಹಣಕ್ಕೆ ಮಾಡುತ್ತಿದ್ದಾರೆಯೇ ಎಂಬುದು ಪಾಳಿಯ ವೇಳಾಪಟ್ಟಿಯಿಂದ ತಿಳಿಯುತ್ತದೆ.

ತರಬೇತಿ ಪಡೆದವರನ್ನು ಮೇಲಧಿಕಾರಿಗಳಿಲ್ಲದ ಕಡೆ, ಅವರು ಸಲೀಸಾಗಿ ಆಡುವ ಭಾಷೆಯಲ್ಲಿ, ಅದು ದಖನಿ ಉರ್ದುವಾದರೂ ಸರಿ, ಮಾತಾಡಿಸಬೇಕು. ಸಹಿ ಹಾಕಿದ ಫಾರಂನಲ್ಲಿ ‘ಚೆನ್ನಾಗಿತ್ತು’ ಎಂದು ಬರೆದವರು ಇಲ್ಲಿ ಬೇರೆ ಮಾತು ಹೇಳಬಹುದು. ಬಳಿಕ ವರದಿಯನ್ನು ಎರಡು ಭಾಗವಾಗಿ ಬರೆಯಿರಿ: ತರಬೇತಿಯಿಂದ ಸರಿಹೋಗುವುದು ಒಂದು ಕಡೆ, ಹುದ್ದೆ, ಕೊಠಡಿ, ವೇತನ, ಸಾಮಗ್ರಿಯಿಂದ ಮಾತ್ರ ಸರಿಹೋಗುವುದು ಇನ್ನೊಂದು ಕಡೆ. ಎರಡನೆಯ ಭಾಗವನ್ನು ತರಬೇತಿ ಸಂಸ್ಥೆಗೆ ಕಳಿಸಿ ಪ್ರಯೋಜನವಿಲ್ಲ. ನೇಮಕಾತಿಯ ವಿಷಯವನ್ನು ಇಲಾಖೆಗೆ, ಕಟ್ಟಡದ ಬೇಡಿಕೆಯನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ, ಕೂಲಿಯ ಪ್ರಶ್ನೆಯನ್ನು ಆಡಳಿತ ಮಂಡಳಿಗೆ ಪ್ರತ್ಯೇಕ ಪತ್ರಗಳಲ್ಲಿ ಬರೆದು, ಅವುಗಳ ಪ್ರತಿಯನ್ನು ಮಾತಾಡಿದವರ ಹೆಸರು ಕಾಣಿಸದಂತೆ ತರಬೇತಿಯ ಕಡತದಲ್ಲಿಯೇ ಇಡಬೇಕು.