ಕಪ್ಪೆಕಣ್ಣಿನ ಸ್ಪ್ರೈಟ್‌ನಿಂದ ನನ್ನ ಮಿಡ್ಜೆಟ್‌ವರೆಗೆ

ನನ್ನ ಎಂಜಿ ಮಿಡ್ಜೆಟ್, ಎರಡೇ ಸೀಟಿನ ಪುಟ್ಟ ತೆರೆದ ಸ್ಪೋರ್ಟ್ಸ್ ಕಾರು, 1968ರದ್ದು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿಗೆ ಬಂದಾಗ ಅದರ ಬಣ್ಣವೇನೋ ಚೆನ್ನಾಗಿತ್ತು. ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನಿಂದ ನೆಲ ಒತ್ತಿದೆ. ಹಪ್ಪಳದ ಹಾಗೆ ಮುರಿಯಿತು.

ಮೊದಲು ಕೈ ಹಾಕಿದ್ದು ಸಿಲ್‌ಗೆ. ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ತಗಡಿಗೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಹಿಡಿದಿಡಲು ಮೇಲೆ ಗಟ್ಟಿ ಸೂರೂ ಇಲ್ಲ. ಸುಮ್ನೆ ಸಿಲ್ ಕತ್ತರಿಸಿದರೆ ಕಾರು ನಡುವೆ ಬಾಗುತ್ತದೆ, ಆಮೇಲೆ ಬಾಗಿಲು ಸರಿಯಾಗಿ ಮುಚ್ಚುವುದೇ ಇಲ್ಲ. ಅದಕ್ಕೇ ಬಾಗಿಲು ಬಿಚ್ಚಿ, ಆ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು ವೆಲ್ಡ್ ಮಾಡಿಕೊಂಡೆ. ಒಂದು ಕಡೆ ಪೂರ್ತಿ ಮುಗಿಯುವವರೆಗೂ ಇನ್ನೊಂದು ಕಡೆ ಮುಟ್ಟಲಿಲ್ಲ. ಹೊಸ ತಗಡನ್ನು ಅಲ್ಲಲ್ಲಿ ವೆಲ್ಡಿನ ಚುಕ್ಕೆ ಹಾಕಿ ನಿಲ್ಲಿಸಿ, ಬಾಗಿಲು ಕೂರಿಸಿ ಸಂದು ನೋಡಿ, ಆಮೇಲಷ್ಟೇ ಪೂರ್ತಿ ವೆಲ್ಡ್. ಇದಕ್ಕೇ ಒಂದು ಚಳಿಗಾಲ ಹೋಯಿತು.

ನಂತರ ಹಿಂದಿನ ಸ್ಪ್ರಿಂಗ್. ಲಾರಿಯಲ್ಲಿ ಇರುತ್ತಲ್ಲ, ಅಂಥದ್ದೇ ಪಟ್ಟಿಗಳ ಸ್ಪ್ರಿಂಗ್, ಸಣ್ಣ ಅಳತೆಯದ್ದು. ತರಿಸಿದ ಪಾರ್ಸೆಲ್ ಬಿಚ್ಚಿದರೆ ಒಳಗಿದ್ದದ್ದು ಅರ್ಧ ಉದ್ದದ್ದು! ಅಂಗಡಿಯವರು ಹಳೇ ಮಾದರಿಯದ್ದು ಕಳಿಸಿದ್ದರು. ಬೇಜಾರಾಯಿತು. ಆದರೆ ಈ ಕಾರು ಬೆಳೆದ ಬಗೆ ನನಗೆ ಅರ್ಥವಾಗಿದ್ದು ಆ ತುಂಡು ಸ್ಪ್ರಿಂಗಿನಿಂದಲೇ.

ಅದು ಸೇರಬೇಕಾದದ್ದು 1958ರ ಆಸ್ಟಿನ್-ಹೀಲಿ ಸ್ಪ್ರೈಟ್‌ಗೆ. ಬ್ರಿಟಿಷ್ ಕಾರು ವಿನ್ಯಾಸಕ ಡೊನಾಲ್ಡ್ ಹೀಲಿ ಅದನ್ನು ರೂಪಿಸಿದ್ದು ಕಡಿಮೆ ದುಡ್ಡಿನವರೂ ಕೊಳ್ಳಲಿ ಎಂದು. 948 ಸಿಸಿ ಎಂಜಿನ್ನು, ಮುಂದಿನ ಸಸ್ಪೆನ್ಷನ್ನು ಆಸ್ಟಿನ್ ಎ35ರಿಂದ ಬಂತು, ಸ್ಟೀರಿಂಗ್ ರ‍್ಯಾಕ್ ಮೋರಿಸ್ ಮೈನರ್‌ನಿಂದ. ಮಡಚುವ ಹೆಡ್‌ಲೈಟ್ ಇಡಬೇಕೆಂದಿದ್ದರು. ಖರ್ಚು ಜಾಸ್ತಿ ಎಂದು ಬಾನೆಟ್ ಮೇಲೆ ಹಾಗೇ ನಿಲ್ಲಿಸಿದರು. ಕಪ್ಪೆಕಣ್ಣು ಎಂಬ ಅಡ್ಡಹೆಸರು ಅಂಟಿಕೊಂಡಿತು. ಡಿಕ್ಕಿಗೆ ಮುಚ್ಚಳವಿಲ್ಲ. ಸ್ಟೆಪ್ನಿ ಬೇಕಾದರೆ ಸೀಟಿನ ಹಿಂದಿನಿಂದ ನುಸುಳಿ ಎಳೆಯಬೇಕು.

ಆ ತುಂಡು ಸ್ಪ್ರಿಂಗೂ ಇದೇ ಲೆಕ್ಕಾಚಾರದ ಕೂಸು. ಅದರ ಒಂದು ತುದಿ ಸೀಟಿನ ಹಿಂದೆ ಬಾಡಿಗೆ ಬಿಗಿದಿರುತ್ತದೆ, ಇನ್ನೊಂದು ತುದಿ ಆಕ್ಸಲ್ ಹಿಡಿಯುತ್ತದೆ. ಭಾರವೆಲ್ಲ ಮುಂದಕ್ಕೇ ಬೀಳುವುದರಿಂದ ಬಾಲದ ಭಾಗವನ್ನು ಹಗುರವಾಗಿ ಕಟ್ಟಬಹುದಿತ್ತು. ಆದರೆ ತಿರುವಿನಲ್ಲಿ ಆಕ್ಸಲ್ ತಾನೇ ಒಂಚೂರು ಓರೆಯಾಗಿ, ಹಿಂಭಾಗವೂ ಸ್ಟೀರಿಂಗ್ ಮಾಡಿದ ಹಾಗಾಗುತ್ತದೆ. ಅಭ್ಯಾಸವಿಲ್ಲದವರಿಗೆ ಎದೆ ಝಲ್ಲೆನ್ನುತ್ತದೆ.

1961ರಲ್ಲಿ ಹೆಡ್‌ಲೈಟ್ ಮುಂದಿನ ಮಡ್ಗಾರ್ಡುಗಳಿಗೆ ಇಳಿಯಿತು, ಡಿಕ್ಕಿಗೆ ಮುಚ್ಚಳ ಬಂತು. ಅದೇ ಕಾರನ್ನು ಎಂಜಿ ಮಿಡ್ಜೆಟ್ ಎಂದೂ ಮಾರಿದರು. ಎರಡೂ ತಯಾರಾಗುತ್ತಿದ್ದದ್ದು ಎಂಜಿ ಕಾರ್ಖಾನೆಯಿದ್ದ ಆಬಿಂಗ್ಡನ್‌ನಲ್ಲೇ. 1962ರಲ್ಲಿ 1098 ಸಿಸಿ ಎಂಜಿನ್ನು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. 1964ರಲ್ಲಿ ಎರಡೂ ತುದಿ ಬಾಡಿಗೆ ಸೇರುವ ಉದ್ದದ ಸ್ಪ್ರಿಂಗ್, ಏರಿಸಿ ಇಳಿಸುವ ಕಿಟಕಿ. 1966ರಲ್ಲಿ ನನ್ನ ಕಾರಿನಲ್ಲಿರುವ 1275 ಸಿಸಿ ಎಂಜಿನ್ನು.

1974ರ ಕೊನೆಗೆ ಅಮೆರಿಕದ ನಿಯಮಗಳಿಗಾಗಿ ಕಪ್ಪು ರಬ್ಬರ್ ಬಂಪರ್ ಹಾಕಿ ಕಾರನ್ನು ಎತ್ತರಿಸಿದರು. ಟ್ರಯಂಫ್‌ನ 1493 ಸಿಸಿ ಎಂಜಿನ್ನು ಕೂರಿಸಿದರು. ನನಗೆ ಆ ಬದಲಾವಣೆ ಇಷ್ಟವಿಲ್ಲ. ನೆಲಕ್ಕೆ ಅಂಟಿ ಓಡುವುದರಲ್ಲೇ ಈ ಕಾರಿನ ಸುಖ ಇರುವುದು, ಅಲ್ವಾ? 1979ರಲ್ಲಿ ತಯಾರಿಕೆ ನಿಂತಿತು.

ಇಷ್ಟೆಲ್ಲ ಬದಲಾದರೂ ಮುಂದಿನ ಸಸ್ಪೆನ್ಷನ್ ಮಾತ್ರ ಕೊನೆಯವರೆಗೂ ಹೆಚ್ಚುಕಡಿಮೆ ಎ35ರ ಕಾಲದ್ದೇ. ಅದರ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಚ್ಚು) ಗ್ರೀಸ್ ಕೇಳುತ್ತಲೇ ಇರುತ್ತದೆ. ನನ್ನ ಕಾರಿನಲ್ಲಿ ಎಡಗಡೆಯ ಕೆಳಗಿನ ಪಿನ್ ಒಣಗಿ ಕಚ್ಚಿಕೊಂಡಿತ್ತು. ಬೆಂಕಿಯಲ್ಲಿ ಕಾಯಿಸಿ ಬಿಡಿಸಲು ನೋಡಿದೆ. ಬರಲಿಲ್ಲ. ಕತ್ತರಿಸಿ ತೆಗೆದು ಎರಡೂ ಕಡೆ ಹೊಸದು ಹಾಕಿದೆ. ಈಗ ಪ್ರತಿ 1000 ಮೈಲಿಗೆ ಗ್ರೀಸ್ ಹಾಕುತ್ತೇನೆ. ಹಾಕುವಾಗ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿರಬೇಕು. ಆಗ ಹೊಸ ಗ್ರೀಸು ಪೂರ್ತಿ ಒಳಗೆ ಹೋಗಿ, ಹಳೆಯದು ಕಪ್ಪಗೆ ಹೊರಗೆ ಬರುತ್ತದೆ.